ಜೋಡಿ ಔಷಧದ ಟ್ರಯಲ್‌ಗೆ ಅಪ್ಪನನ್ನು ಸೇರಿಸಬಹುದೇ?

ಪ್ರಶ್ನೆ: ಅಪ್ಪನಿಗೆ 63 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಎರಡು ಬಗೆಯ ಕಿಮೋ ಕೊಟ್ಟರೂ ಗಡ್ಡೆ ಬೆಳೆಯುತ್ತಿದೆ. ಮಾತ್ರೆ, ಇಂಜೆಕ್ಷನ್ ಒಟ್ಟಿಗೆ ಕೊಡುವ ಟ್ರಯಲ್‌ಗೆ ಸೇರಿಸೋಣ ಎನ್ನುತ್ತಾರೆ ಮೈಸೂರಿನ ಡಾಕ್ಟರು. ಬರೀ ಸಕ್ಕರೆ ಮಾತ್ರೆ ಕೊಟ್ಟರೆ ಏನು ಗತಿ?
– ಓದುಗರು, ಸೋಮವಾರಪೇಟೆ

ಉತ್ತರ: ಆ ಭಯ ಸಹಜ. ಆದರೆ ಇಂಥ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗಾಗಲೇ ರೂಢಿಯಲ್ಲಿರುವ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಹೊಸದು. ಸನ್‌ಲೈಟ್ ಎಂಬ ಟ್ರಯಲ್ ನೋಡಿ. ನಿಮ್ಮ ತಂದೆಯವರಂತೆ ಮೊದಲಿನ ಚಿಕಿತ್ಸೆಗಳು ಕೈಕೊಟ್ಟ 492 ಜನರಲ್ಲಿ ಅರ್ಧ ಜನಕ್ಕೆ ಟ್ರೈಫ್ಲುರಿಡಿನ್-ಟಿಪಿರಾಸಿಲ್ ಮಾತ್ರೆ, ಉಳಿದರ್ಧಕ್ಕೆ ಅದೇ ಮಾತ್ರೆಯೊಂದಿಗೆ ಬೆವಾಸಿಝುಮಾಬ್ ಡ್ರಿಪ್. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ (ಮೀಡಿಯನ್) 7.5 ತಿಂಗಳಿಂದ 10.8ಕ್ಕೆ ಏರಿತು. ರೋಗ ವಾಸಿಯಾಗಲಿಲ್ಲ, ಸಮಯ ಸಿಕ್ಕಿತು. ನಿಮ್ಮ ಟ್ರಯಲ್‌ನಲ್ಲಿ ಹೊಸ ಔಷಧ ಸಿಗದ ಗುಂಪಿಗೆ ಏನು ಕೊಡುತ್ತಾರೆಂದು ನೇರವಾಗಿ ಕೇಳಿ.

ಗಡ್ಡೆಯ ಜೀನ್‌ಗಳಲ್ಲಿನ ಬದಲಾವಣೆ ತೋರಿಸುವ ರಾಸ್, ಬಿರಾಫ್, ಎಂಎಸ್‌ಐ ಪರೀಕ್ಷೆಗಳ ವರದಿ ಕೈಯಲ್ಲಿ ಇಲ್ಲದೆ ಸಹಿ ಹಾಕಬೇಡಿ. ಬಿರಾಫ್ ವಿ600ಇ ಬದಲಾವಣೆ ಇದ್ದರೆ ಎನ್ಕೊರಾಫೆನಿಬ್-ಸೆಟುಕ್ಸಿಮಾಬ್ ಜೋಡಿಯೇ ದಾರಿ. ಬಿರಾಫ್ ತಡೆಯುವ ಎನ್ಕೊರಾಫೆನಿಬ್ ಒಂದನ್ನೇ ಕೊಟ್ಟರೆ ಕ್ಯಾನ್ಸರ್ ಕೋಶ, ಬೆಳೆಯಲು ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಪ್ರೋಟೀನ್ ಮೂಲಕ ಮತ್ತೆ ಚುರುಕಾಗುತ್ತದೆ. ಆ ಬಾಗಿಲನ್ನೂ ಮುಚ್ಚಲೆಂದೇ ಎರಡನೆಯದು, ಸೆಟುಕ್ಸಿಮಾಬ್. ಆದರೆ ರಾಸ್ ಬದಲಾವಣೆ ಇದ್ದವರಿಗೆ ಸೆಟುಕ್ಸಿಮಾಬ್ ಕೆಲಸ ಮಾಡದು.

ಸನ್‌ಲೈಟ್ ಮಾದರಿಯ ಜೋಡಿಯಾದರೆ ಮಾತ್ರೆ ದಿನಕ್ಕೆರಡು ಸಲ, ಊಟವಾದ ಒಂದು ಗಂಟೆಯೊಳಗೆ. 28 ದಿನಗಳ ಸುತ್ತಿನಲ್ಲಿ 1ರಿಂದ 5, 8ರಿಂದ 12ನೇ ದಿನ. ಮೈ ವಿಸ್ತೀರ್ಣ (ಎತ್ತರ, ತೂಕದಿಂದ ಲೆಕ್ಕ ಹಾಕುತ್ತಾರೆ) 1.6 ಚದರ ಮೀಟರ್ ಇದ್ದವರಿಗೆ ಪ್ರತಿ ಸಲ 20 ಮಿ.ಗ್ರಾಂನ ಎರಡು, 15ರದ್ದು ಒಂದು. ಡ್ರಿಪ್ 1 ಮತ್ತು 15ನೇ ದಿನ. ಹೊಸ ಸುತ್ತು ಶುರುವಾಗಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 1,500ಕ್ಕಿಂತ ಕಡಿಮೆ ಇರಬಾರದು. ಹಿಂದಿನ ದಿನ ಮಡಿಕೇರಿಯಲ್ಲೇ ರಕ್ತ ಕೊಟ್ಟು ವರದಿ ಕಳಿಸಿದರೆ ಒಪ್ಪುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಮೈಸೂರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರಬೇಕಾದೀತು.

ನಮಗೆ ಹೆಚ್ಚು ಆತಂಕ ಇರುವುದು ಜ್ವರದ ಬಗ್ಗೆ. ಬಿಳಿ ರಕ್ತಕಣ ಕುಸಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಮಳೆಗಾಲದ ಜ್ವರವೆಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸಿದರೆ ಅಪಾಯ ಮುಚ್ಚಿಹೋಗುತ್ತದೆ. 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೈಸೂರಿನ ರಸ್ತೆ ಬಂದ್ ಆಗಿದ್ದರೆ ಅದರ ಯೋಚನೆ ಬಿಟ್ಟು ಮಡಿಕೇರಿಗೆ. ಅಲ್ಲಿನ ವೈದ್ಯರಿಗೆ ತೋರಿಸಲು ಔಷಧಗಳ ಹೆಸರು, ಟ್ರಯಲ್ ತಂಡದ ಫೋನ್ ನಂಬರ್ ಬರೆದ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಬೆವಾಸಿಝುಮಾಬ್ ಇದ್ದರೆ ಬಿಪಿ ನೋಡುತ್ತಿರಬೇಕು. ತಂಡವನ್ನು ಕೇಳದೆ ಹಲ್ಲು ಕೀಳಿಸಬಾರದು, ಗಾಯ ಬೇಗ ಮಾಯುವುದಿಲ್ಲ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. 2019ರ ನಿಯಮಗಳಂತೆ ಟ್ರಯಲ್‌ನಿಂದಾದ ತೊಂದರೆಗೆ ಚಿಕಿತ್ಸೆ ಉಚಿತ. ತಂದೆಯವರು ಯಾವಾಗ ಬೇಕಾದರೂ ಹೊರಬರಬಹುದು.