ಗುಲಾಬಿ ಹುಳಕ್ಕೆ ಬಿಟಿ ಹತ್ತಿಯ ವಿಷ ರೂಢಿಯಾಗಿದೆಯಾ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕು. ಮನೆಯಲ್ಲಿ ಬಿಟಿ ಹತ್ತಿ ಹಾಕುತ್ತೇವೆ. ಮೊದಮೊದಲು ಕಾಯಿಕೊರಕದ ಕಾಟ ಇರಲಿಲ್ಲವಂತೆ. ಈಗ ಕಾಯಿ ಒಡೆದರೆ ಗುಲಾಬಿ ಹುಳು. ‘ಹುಳಕ್ಕೆ ವಿಷ ರೂಢಿಯಾಗಿದೆ’ ಅಂತಾರೆ ಅಪ್ಪ. ಮ್ಯುಟೇಷನ್ (ಜೀನ್‌ನಲ್ಲಾಗುವ ಬದಲಾವಣೆ) ತಾನಾಗಿ ಆಗುತ್ತದೆ, ಬೇಕು ಅಂದಾಗ ಆಗುವುದಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದರು. ಯಾರು ಹೇಳಿದ್ದು ಸರಿ? ಹಾರ್ಡಿ–ವೈನ್‌ಬರ್ಗ್ ಸೂತ್ರ ಬಾಯಿಪಾಠ ಮಾಡಿದ್ದೇನೆ. ಅದರಿಂದ ಏನು ಉಪಯೋಗ?

ಉತ್ತರ: ನಿಮ್ಮ ಅಪ್ಪ ಕಂಡಿದ್ದು ನಿಜ. ಆಗಿನ ಹುಳು ಸಾಯುತ್ತಿತ್ತು, ಈಗಿನದು ಸಾಯುತ್ತಿಲ್ಲ. ಕಾರಣದ ವಿಷಯದಲ್ಲಿ ಮಾತ್ರ ನಿಮ್ಮ ಕ್ಲಾಸಿನ ಪಾಠವೇ ಸರಿ. ವಿಷ ತಿಂದು ತಿಂದು ಯಾವ ಹುಳುವೂ ಗಟ್ಟಿಯಾಗಲಿಲ್ಲ. ಗಟ್ಟಿ ಹುಳುಗಳು ಬಿಟಿ ಬೀಜ ಬರುವ ಮೊದಲೇ ಎಲ್ಲೋ ಒಂದೊಂದು ಇದ್ದವು. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾದಲ್ಲಿ ಇದನ್ನೇ ತೋರಿಸಿದರು. ವೈರಸ್‌ಗೆ ಜಗ್ಗದ ಬ್ಯಾಕ್ಟೀರಿಯಾ ಆ ವೈರಸ್ ತಗುಲುವ ಮೊದಲೇ ಹುಟ್ಟಿರುತ್ತವೆ.

ಮೊದಲು ಹುಳದ ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದರ ಕ್ರೈ1ಎಸಿ ಜೀನ್ ಇರುವ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಆ ಜೀನ್ ಹೇಳಿದಂತೆ ಗಿಡ ಒಂದು ಪ್ರೋಟೀನ್ ತಯಾರಿಸುತ್ತದೆ. ಹುಳು ಅದನ್ನು ತಿಂದಾಗ ಅದರ ಕರುಳಿನ ಕಿಣ್ವಗಳು ಪ್ರೋಟೀನನ್ನು ಕತ್ತರಿಸುತ್ತವೆ. ಕತ್ತರಿಸಿದ ತುಂಡು ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಎಂಬ ಇನ್ನೊಂದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಜೀವಕೋಶಗಳಲ್ಲಿ ತೂತು ಬೀಳುತ್ತದೆ. ಹುಳು ತಿನ್ನುವುದು ನಿಲ್ಲಿಸಿ ಸಾಯುತ್ತದೆ.

ಈಗ ಕ್ಯಾಡ್‌ಹೆರಿನ್ ತಯಾರಿಸುವ ಜೀನ್‌ನಲ್ಲೇ ಒಂದು ತುಂಡು ಬಿಟ್ಟುಹೋಗಿದೆ ಅಂದುಕೊಳ್ಳಿ. ಪ್ರೋಟೀನ್ ಸರಿಯಾಗಿ ಆಗುವುದಿಲ್ಲ, ವಿಷಕ್ಕೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಹುಳಕ್ಕೆ ಈ ಜೀನ್ ಎರಡು ಪ್ರತಿ ಇರುತ್ತದೆ, ಜೀನ್‌ನ ಒಂದೊಂದು ರೂಪಕ್ಕೆ ಅಲೀಲ್ ಅನ್ನುತ್ತಾರೆ. ಈ ಕೆಟ್ಟ ಅಲೀಲ್‌ಗೆ ಆರ್ ಅನ್ನೋಣ, ಸರಿ ಇರುವುದಕ್ಕೆ ಎಸ್. ಹುಳಕ್ಕೆ ಒಂದು ಎಸ್ ಇದ್ದರೂ ಸಾಕು, ಕ್ಯಾಡ್‌ಹೆರಿನ್ ತಯಾರಾಗುತ್ತದೆ, ವಿಷ ಅಂಟುತ್ತದೆ, ಹುಳು ಸಾಯುತ್ತದೆ. ಎರಡೂ ಆರ್ ಆದರೆ ಮಾತ್ರ ಬದುಕುತ್ತದೆ. ರಿಸೆಸಿವ್ ಅಂತ ಓದಿದ್ದೀರಲ್ಲ, ಅದು ಇದೇ.

ಇನ್ನು ನಿಮ್ಮ ಸೂತ್ರಕ್ಕೆ ಬರೋಣ. ಒಂದು ಅಲೀಲ್ ಎಷ್ಟು ಪಾಲು ಇದೆ ಅಂತ ಗೊತ್ತಿದ್ದರೆ, ಅದರ ಒಂದು ಪ್ರತಿ ಎಷ್ಟು ಹುಳುಗಳಲ್ಲಿ, ಎರಡೂ ಪ್ರತಿ ಎಷ್ಟು ಹುಳುಗಳಲ್ಲಿ ಇರುತ್ತವೆ ಅಂತ ಅದು ಹೇಳುತ್ತದೆ. ಹಾರ್ಡಿ ಮತ್ತು ವೈನ್‌ಬರ್ಗ್ ಅದನ್ನು 1908ರಲ್ಲಿ ಬೇರೆಬೇರೆಯಾಗಿ ಕೊಟ್ಟರು. ಲೆಕ್ಕಕ್ಕೆಂದು ಸಾವಿರ ಅಲೀಲ್‌ಗೆ ಒಂದು ಆರ್ ಇದೆ ಅಂತ ಇಟ್ಟುಕೊಳ್ಳಿ. ಆಗ ಎರಡೂ ಆರ್ ಇರುವ ಆರ್‌ಆರ್ ಹುಳು ಹತ್ತು ಲಕ್ಷಕ್ಕೆ ಒಂದು (ಸಾವಿರ ಗುಣಿಸು ಸಾವಿರ). ಆರ್‌ಎಸ್ ಹುಳು ಸಾವಿರಕ್ಕೆ ಸುಮಾರು ಎರಡು. ಅಂದರೆ ಆರ್ ಅಲೀಲ್ ಹೆಚ್ಚುಕಡಿಮೆ ಎಲ್ಲವೂ ಆರ್‌ಎಸ್ ಹುಳುಗಳಲ್ಲೇ ಅಡಗಿ ಕೂತಿವೆ. ಸುಮ್ನೆ ಹೊಲ ನೋಡಿದರೆ ಇದು ಕಾಣುವುದಿಲ್ಲ, ಸೂತ್ರ ಕಾಣಿಸುತ್ತದೆ.

ಸೀಮೆಯಲ್ಲಿ ಒಂದು ಕೋಟಿ ಮರಿಹುಳು ಇವೆ ಅನ್ನೋಣ. ಎಲ್ಲರೂ ಬಿಟಿ ಹತ್ತಿಯನ್ನೇ ಹಾಕಿದ್ದರೆ ಉಳಿಯುವುದು ಹತ್ತೇ ಹತ್ತು, ಎಲ್ಲವೂ ಆರ್‌ಆರ್. ಅವು ಕೂಡುವುದು ತಮ್ಮತಮ್ಮಲ್ಲೇ. ಮುಂದಿನ ಪೀಳಿಗೆ ಪೂರಾ ಆರ್‌ಆರ್! ಅದೇ ಐದರಲ್ಲೊಂದು ಪಾಲು ಬಿಟಿ ಅಲ್ಲದ ಹತ್ತಿ ಇದ್ದರೆ? ಬಿಟಿ ಸಾಲಿನಿಂದ ಎಂಟು ಆರ್‌ಆರ್ ಪತಂಗ ಬರುತ್ತವೆ, ಅತ್ತ ಕಡೆಯಿಂದ ಸುಮಾರು 20 ಲಕ್ಷ, ಬಹುಪಾಲು ಎಸ್‌ಎಸ್. ಆ ಎಂಟಕ್ಕೂ ಜೋಡಿ ಸಿಗುವುದು ಎಸ್‌ಎಸ್‌ನಲ್ಲೇ. ಮರಿಗಳೆಲ್ಲ ಆರ್‌ಎಸ್. ಅವು ಬಿಟಿ ಗಿಡ ತಿಂದರೆ ಸಾಯುತ್ತವೆ. ಎಕರೆಗೆ ಕೊಡುವ 450 ಗ್ರಾಂ ಬಿಟಿ ಬೀಜದ ಪ್ಯಾಕೆಟ್ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದದ್ದು ಈ ಲೆಕ್ಕಕ್ಕೇ. ಹೊಲದ ಸುತ್ತ ಅದನ್ನು ಹಾಕಿ ಅಂತ ಹೇಳುತ್ತಿದ್ದರು. ಹುಳಕ್ಕೆ ಬಿಟ್ಟುಕೊಡುವ ಸಾಲು ಯಾಕೆ ಹಾಕಬೇಕು ಅಂತ ಬಹಳ ರೈತರು ಅದನ್ನು ಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಈ ಲೆಕ್ಕವನ್ನು ಅವರ ಮುಂದೆ ಕೂತು ಯಾರೂ ಬಿಡಿಸಿ ಹೇಳಲಿಲ್ಲ, ಅಲ್ವಾ? ಈಗ ಒಂದೇ ಚೀಲದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂದಿದೆ.

ಹತ್ತಿಯ ಇನ್ನೊಂದು ಹುಳುವಾದ ಹಸಿರು ಕಾಯಿಕೊರಕಕ್ಕೆ ನಿಮ್ಮ ಕಡೆ ತೊಗರಿ ಇದೆ, ಕಡಲೆ ಇದೆ. ವಿಷ ಇಲ್ಲದ ಆ ಬೆಳೆಗಳಲ್ಲಿ ಎಸ್‌ಎಸ್ ಹುಳು ಬೇಕಾದಷ್ಟು ಬೆಳೆಯುತ್ತವೆ. ಗುಲಾಬಿ ಹುಳಕ್ಕೆ ಹೆಚ್ಚುಕಡಿಮೆ ಹತ್ತಿಯೇ ಗತಿ. ಎಲ್ಲ ಕಡೆ ಬಿಟಿಯೇ ಆದಾಗ ಆರ್‌ಆರ್ ಬಿಟ್ಟು ಬೇರೆ ಹುಳು ಉಳಿಯುವುದಾದರೂ ಎಲ್ಲಿ? ಗುಜರಾತಿನಲ್ಲಿ ಕ್ರೈ1ಎಸಿಗೆ ಜಗ್ಗದ ಗುಲಾಬಿ ಹುಳು ಪತ್ತೆಯಾಗಿದ್ದು 2010ರ ಹೊತ್ತಿಗೆ. 2006ರಲ್ಲಿ ಬಂದ ಎರಡು ಬಿಟಿ ಜೀನ್‌ನ ಹತ್ತಿಯನ್ನೂ ಅದು ಆಮೇಲೆ ದಾಟಿತು.

ನಮ್ಮ ದೇಶಕ್ಕೇ ಸೇರಿದ ಇನ್ನೊಂದು ತೊಡಕಿದೆ, ಇದು ಮೆಂಡಲ್ ಪಾಠದ್ದೇ. ಒಂದು ಕಾಯಿ ಒಡೆದು ಎಳೆ ಬೀಜಗಳನ್ನು ಸಾಲಾಗಿ ಇಡಿ. ನಮ್ಮಲ್ಲಿ ಬಿತ್ತುವುದು ಹೈಬ್ರಿಡ್ ಬೀಜ, ಗಿಡದಲ್ಲಿ ಬಿಟಿ ಜೀನ್ ಒಂದೇ ಪ್ರತಿ ಇರುತ್ತದೆ. ಹಾಗಾಗಿ ಅದರ ಕಾಯಿಯ ಬೀಜಗಳು ಮುಂದಿನ ಪೀಳಿಗೆ, ಎಫ್2. ಒಂದು ಜೀನ್ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಬೀಜಕ್ಕೆ ವಿಷ ಬರುತ್ತದೆ, ಒಂದಕ್ಕೆ ಬರುವುದಿಲ್ಲ. ಗುಲಾಬಿ ಹುಳು ತಿನ್ನುವುದು ಈ ಬೀಜವನ್ನೇ. ವಿಷ ಇಲ್ಲದ ಬೀಜ ಸಿಕ್ಕಿದರೆ ಆರ್‌ಎಸ್ ಹುಳುವೂ ಬಚಾವಾಗಬಹುದು. ಎಲ್ಲ ಬೀಜದಲ್ಲೂ ವಿಷ ಇರುವ ಅಮೆರಿಕದ ತಳಿಗಳಲ್ಲಿ ಈ ಸಂದು ಇರಲಿಲ್ಲ. ಅಲ್ಲಿ ಬಿಟಿ ಹತ್ತಿಯ ಜೊತೆಗೆ ಬಂಜೆ ಮಾಡಿದ ಪತಂಗಗಳನ್ನೂ ಬಿಟ್ಟರು. 2018ರಲ್ಲಿ ತಮ್ಮ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳು ಇಲ್ಲವಾಯಿತು ಅಂತ ಘೋಷಿಸಿದರು.

ಪರೀಕ್ಷೆಯಲ್ಲಿ ಹಾರ್ಡಿ–ವೈನ್‌ಬರ್ಗ್ ಷರತ್ತು ಬರೆಯುವಾಗ ‘ಆಯ್ಕೆ ಇರಬಾರದು’ ಅನ್ನುವುದರ ಪಕ್ಕ ನಿಮ್ಮ ಹೊಲದ ಉದಾಹರಣೆ ಕೊಡಿ. ಅಲ್ಲಿ ಆಯ್ಕೆ ಜೋರಾಗಿಯೇ ನಡೆದಿದೆ, ಸೂತ್ರ ಹೇಳುವ ಅಂಕಿಗೂ ಹೊಲದ ಅಂಕಿಗೂ ಇರುವ ಅಂತರವೇ ವಿಕಾಸದ ಅಳತೆ.

ಹೊಲದ ಮಾತಿಗೆ ಬಂದರೆ, ಆರ್ ಇಷ್ಟು ಹೆಚ್ಚಾದ ಮೇಲೆ ಸುತ್ತಲ ಸಾಲು ಮಾತ್ರ ಸಾಲದು. ಕಾಲುವೆ ನೀರು ಇದೆ ಅಂತ ಇನ್ನೊಂದು ಬಿಡಿಸು ಆಸೆಗೆ ಬೆಳೆಯನ್ನು ಬೇಸಿಗೆತನಕ ಎಳೆಯಬೇಡಿ. ಡಿಸೆಂಬರ್‌ಗೆ ಮುಗಿಸಿ. ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟಬೇಡಿ, ಉಳಿದ ಕಾಯಿಯೊಳಗೆ ಹುಳು ಮುಂದಿನ ಹಂಗಾಮಿನವರೆಗೂ ಮಲಗಿರುತ್ತದೆ. ಹೂ ಬಿಡುವ ಹೊತ್ತಿಗೆ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿ. ದಳ ಬಿಚ್ಚದೆ ಮುದುಡಿಕೊಂಡ ಹೂ ಕಂಡರೆ ಬಿಡಿಸಿ ನೋಡಿ, ಮರಿಹುಳು ಒಳಗೇ ಇರಬಹುದು. ಅದನ್ನು ಕಿತ್ತು ಹಾಕಿದರೆ ಒಂದು ಸಲದ ಎಣ್ಣೆ ಹೊಡೆಯುವ ಖರ್ಚು ಉಳಿಯಬಹುದು. ಕಾಯಿ ಒಡೆದು ಹುಳು ಎಣಿಸುವ ಕ್ರಮವನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನು ಕೇಳಿ ಕಲಿಯಿರಿ. ನಿಮ್ಮ ಕಾಲೇಜಿನ ಪ್ರಾಜೆಕ್ಟ್‌ಗೂ ಅದೇ ಆಗುತ್ತದೆ.