ಓಝೋನ್ ರಂಧ್ರದ ಸುದ್ದಿ ಏಕೆ ನಿಂತಿತು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಹೈಸ್ಕೂಲಿನಲ್ಲಿದ್ದಾಗ ಓಝೋನ್ ಪದರಕ್ಕೆ ರಂಧ್ರ ಬಿದ್ದಿದೆ, ಚರ್ಮದ ಕ್ಯಾನ್ಸರ್ ಹೆಚ್ಚಲಿದೆ ಎಂದು ಪ್ರಬಂಧ ಬರೆಸುತ್ತಿದ್ದರು. ಈಗ ಅದರ ಮಾತೇ ಇಲ್ಲ. ಹೊಸ ಅನಿಲ ಮಾರಲು ವಿದೇಶಿ ಕಂಪನಿಗಳು ಹುಟ್ಟಿಸಿದ ಭಯವೇ ಅದು?"

ಖಂಡಿತ ಅಲ್ಲ. ಓಝೋನ್ ಪದರ ಬಿಸಿಲಿನ ಹಾನಿಕರ ನೇರಳಾತೀತ ಕಿರಣಗಳನ್ನು ತಡೆಯುವ ಕವಚ. ಅದು ತೆಳುವಾಗುವ ಭಯ ನಿಜವಾಗಿತ್ತು, ಅದಕ್ಕೆ ತಕ್ಕ ಕೆಲಸವೂ ನಡೆಯಿತು. ಮಾತು ಕಡಿಮೆಯಾಗಿದ್ದು ಅದಕ್ಕೇ.

ಫ್ರಿಜ್, ಸ್ಪ್ರೇ ಡಬ್ಬಿ, ಫೋಮ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅನಿಲಗಳಿಗೆ ಬೆಂಕಿ ಹತ್ತುವುದಿಲ್ಲ, ವಿಷವೂ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಕೆಡುವುದೂ ಇಲ್ಲ. ಈ ಕೆಡದ ಗುಣವೇ ಮುಳುವಾಯಿತು. ದಶಕಗಟ್ಟಲೆ ಉಳಿದು ಮೇಲೇರುವ ಅನಿಲ, ಅಲ್ಲಿ ನೇರಳಾತೀತ ಕಿರಣಗಳಿಗೆ ಸಿಕ್ಕಿ ಒಡೆದು ಕ್ಲೋರಿನ್ ಬಿಡುತ್ತದೆ. ಒಂದೊಂದು ಕ್ಲೋರಿನ್ ಪರಮಾಣುವೂ ತಾನು ಸವೆಯದೆ ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡುತ್ತದೆ. ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಇದನ್ನು 1974ರಲ್ಲೇ ಹೇಳಿದ್ದರು. ಸಿಎಫ್‌ಸಿಯ ಅತಿ ದೊಡ್ಡ ತಯಾರಕ ಕಂಪನಿ ಡುಪಾಂಟ್ ವರ್ಷಗಟ್ಟಲೆ ಅದನ್ನು ಒಪ್ಪಲಿಲ್ಲ. ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ್ದು 1988ರಲ್ಲಿ. ಭಯ ಹುಟ್ಟಿಸುವವರು ಹೀಗೆ ನಡೆದುಕೊಳ್ಳುವುದಿಲ್ಲ.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯ ಮೇಲೆ ಓಝೋನ್ ತೀರಾ ಕುಸಿದಿದೆ ಎಂದು ತೋರಿಸುವ ಅಳತೆಗಳನ್ನು ಪ್ರಕಟಿಸಿದಾಗ ಜಗತ್ತು ಬೆಚ್ಚಿತು. ನನಗೆ ಇವತ್ತಿಗೂ ಅಚ್ಚರಿ ತರುವುದು ಅದರ ನಂತರದ ವೇಗ. ರಂಧ್ರ ಏಕಾಯಿತೆಂಬ ವಾದ ಇನ್ನೂ ಪೂರ್ತಿ ಇತ್ಯರ್ಥವಾಗಿರಲಿಲ್ಲ, ಆದರೂ 1987ರ ಸೆಪ್ಟೆಂಬರ್ 16ರಂದು, ಓಝೋನ್ ಹಾಳುಮಾಡುವ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ನಿಮ್ಮ ಸಂಶಯದಲ್ಲಿ ನ್ಯಾಯವಾದ ಅಂಶವೂ ಒಂದಿದೆ. ಪದರವನ್ನು ಹಾಳುಮಾಡಿದವರು ಶ್ರೀಮಂತ ದೇಶಗಳು. ಬದಲಿ ಅನಿಲದ, ಹೊಸ ಯಂತ್ರದ ಖರ್ಚನ್ನು ನಾವೇಕೆ ಹೊರಬೇಕು? ಭಾರತ ಮತ್ತು ಚೀನಾ ಈ ಪ್ರಶ್ನೆ ಎತ್ತಿ ಹೊರಗೇ ನಿಂತವು. 1990ರ ಲಂಡನ್ ಸಭೆಯಲ್ಲಿ ಬಡ ದೇಶಗಳಿಗೆ ನೆರವಾಗುವ ನಿಧಿ ಒಪ್ಪಿತವಾದ ಮೇಲೆ, 1992ರಲ್ಲಿ ಭಾರತ ಸೇರಿತು. ಆ ಹಟ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಒಪ್ಪಂದ ಎಲ್ಲ ದೇಶಗಳದ್ದಾಗುತ್ತಿರಲಿಲ್ಲ.

ಆದರೆ ಗಾಯ ಇನ್ನೂ ಮಾಯ್ದಿಲ್ಲ. ಹಳೆಯ ಸಿಎಫ್‌ಸಿ ಇನ್ನೂ ಮೇಲೆಯೇ ಇದೆ. ಅದರಲ್ಲಿ ಒಂದು ಬಗೆ ಸುಮಾರು 100 ವರ್ಷ ಉಳಿಯುತ್ತದೆ. ಎಲ್ಲರೂ ನಿಯಮ ಪಾಲಿಸಿದರೆ ಅಂಟಾರ್ಕ್ಟಿಕಾದ ಮೇಲಿನ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂಬುದು ವಿಶ್ವಸಂಸ್ಥೆಯ ಬೆಂಬಲದ ತಜ್ಞರ ಅಂದಾಜು. ಪಾಲಿಸದವರೂ ಇದ್ದರು. ನಿಷೇಧಿತ ಸಿಎಫ್‌ಸಿ-11 ಮತ್ತೆ ಗಾಳಿಗೆ ಸೇರುತ್ತಿದೆ ಎಂದು 2018ರಲ್ಲಿ ಬಯಲಾಯಿತು, ಅದರ ದೊಡ್ಡ ಪಾಲಿನ ಜಾಡು ಪೂರ್ವ ಚೀನಾಕ್ಕೆ ಹೋಯಿತು. ಗಾಳಿಯನ್ನು ಅಳೆಯುವ ಕೇಂದ್ರಗಳಿದ್ದುದರಿಂದಲೇ ಅದು ಸಿಕ್ಕಿಬಿದ್ದು, ಆಮೇಲೆ ಇಳಿಯಿತು.

ನಮ್ಮ ಮನೆಯ ಪಾಲೂ ಬಾಕಿ ಇದೆ. ಹಳೆಯ ಎಸಿಗಳಲ್ಲಿ ಆರ್-22 ಎಂಬ ಅನಿಲವಿರುತ್ತದೆ. ಸಿಎಫ್‌ಸಿಯಷ್ಟು ಘೋರವಲ್ಲದಿದ್ದರೂ ಅದೂ ಓಝೋನ್ ತಿನ್ನುತ್ತದೆ. ನಿಮ್ಮ ಎಸಿಯ ಹೊರಗಿನ ಘಟಕದ ಚೀಟಿಯಲ್ಲಿ ಅನಿಲದ ಹೆಸರಿದೆ, ಓದಿ ನೋಡಿ. ಆರ್-22 ಆಗಿದ್ದು ವರ್ಷವರ್ಷವೂ ಗ್ಯಾಸ್ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಅದನ್ನು ಸರಿಪಡಿಸಲು ಮೆಕ್ಯಾನಿಕ್‌ಗೆ ಹೇಳಿ. ಗುಜರಿಗೆ ಹಾಕುವಾಗ ಪೈಪ್ ಕತ್ತರಿಸಿ ಅನಿಲವನ್ನು ಗಾಳಿಗೆ ಬಿಡಲು ಒಪ್ಪಬೇಡಿ, ಸಿಲಿಂಡರಿಗೆ ತುಂಬಿಕೊಳ್ಳುವ ಯಂತ್ರ ಇರುವವರನ್ನೇ ಕರೆಸಿ. ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಡಿ.

— ಸಂಪಾದಕ