ಎಮಿಲಿ ಈಡನ್ ಬ್ರಿಟಿಷ್ ಆಳ್ವಿಕೆಯ ವಿರೋಧಿಯಾ?
ಎಮಿಲಿ ಈಡನ್ ಭಾರತದಿಂದ ಬರೆದ 'ಅಪ್ ದ ಕಂಟ್ರಿ' ಪತ್ರಗಳನ್ನು ಓದಿ, ಆಕೆ ಬ್ರಿಟಿಷ್ ಸಾಮ್ರಾಜ್ಯದ ವಿರೋಧಿಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಗವರ್ನರ್ ಜನರಲ್ ಆಕ್ಲೆಂಡ್‌ನ ತಂಗಿ, ಅಣ್ಣನ ಶಿಬಿರದ ಜೊತೆಯಲ್ಲೇ ಊರೂರು ಸುತ್ತಿದಾಕೆ. ಆದರೆ ಕಣ್ಣು ಬಲು ಚುರುಕು.

1839ರ ಮೇ ತಿಂಗಳ ಶಿಮ್ಲಾ ಪತ್ರವನ್ನು ಇನ್ನೊಮ್ಮೆ ನೋಡಿ. ವಿಕ್ಟೋರಿಯಾ ರಾಣಿಯ ಹೆಸರಲ್ಲಿ ಕುಣಿತ, ಬ್ಯಾಂಡು, ಸ್ಕಾಟ್ಲೆಂಡಿನಿಂದ ಬಂದ ಸಾಲ್ಮನ್ ಮೀನು. ಯುರೋಪಿಯನ್ನರು 105 ಜನ. ಸುತ್ತ ಕಂಬಳಿ ಹೊದ್ದು ನೋಡುತ್ತಿರುವ ಬೆಟ್ಟದವರು ಕಡಿಮೆಯೆಂದರೂ 3,000. ಇವರು ನಮ್ಮೆಲ್ಲರ ತಲೆ ಕಡಿದು ಸುಮ್ನಾಗುವುದಿಲ್ಲವಲ್ಲ, ಯಾಕೋ ಅಂತ ಬರೆಯುತ್ತಾಳೆ! ತಮಾಷೆಯ ದನಿಯೇ, ಆದರೆ ಒಳಗೆ ಅಳುಕಿದೆ, ಅಲ್ವಾ?

ಬರಗಾಲದಲ್ಲಿ ಕಾನ್ಪುರದ ಹತ್ತಿರ ಎಲುಬುಗೂಡಾದ ಮಗುವೊಂದಕ್ಕೆ ಹಾಲು ಕುಡಿಸಿದ್ದನ್ನೂ ಬರೆದಿದ್ದಾಳೆ. ಮರುಕ ನಿಜ. ಅಣ್ಣನ ಅಧಿಕಾರವನ್ನು ಮಾತ್ರ ಪ್ರಶ್ನಿಸಲು ಹೋಗುವುದಿಲ್ಲ. ಪುಸ್ತಕ ಬಂದದ್ದು 1866ರಲ್ಲಿ. 1857ರ ಸಿಪಾಯಿ ದಂಗೆ ಆದಮೇಲೆ ಆ ತಲೆ ಕಡಿಯುವ ಸಾಲು ಓದಿದ ಇಂಗ್ಲಿಷರಿಗೆ ಹೇಗಾಗಿರಬೇಡ!